ಸ್ಟೆಮ್ ಸೆಲ್ ಚಿಕಿತ್ಸೆ: ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಕಾಯಬೇಕು, ಯಾವುದನ್ನು ಬಿಡಬೇಕು

ಮೊಣಕಾಲು ಸವೆದ ಅಜ್ಜಿ, ಮೂರು ವರ್ಷವಾದರೂ ಮಾತಾಡದ ಮಗು, ತಿಂಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳುವ ಹುಡುಗ, ಹೆರಿಗೆಗೆ ತವರಿಗೆ ಬಂದ ಮಗಳು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ದೊಡ್ಡ ಕುಟುಂಬ ಅಂದರೆ ಇವರಲ್ಲಿ ಒಬ್ಬರಾದರೂ ಇರುತ್ತಾರೆ. ಇವರೆಲ್ಲರ ಮುಂದೆಯೂ ಈಗ ಒಂದೇ ಹೆಸರು ಬರುತ್ತಿದೆ, ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಥರದ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ. ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತದೆ, ಉಚಿತ ತಪಾಸಣಾ ಶಿಬಿರದ ಚೀಟಿ ಬರುತ್ತದೆ, "ದೊಡ್ಡ ಊರಾಗ ಒಬ್ಬರು ಮಾಡ್ತಾರಂತ್ರೀ, ಲಕ್ಷಗಟ್ಟಲೆ ಆಗ್ತದಂತ, ಆದ್ರ ಗುಣ ಆಗ್ತದಂತ" ಅಂತ ಬೀಗರ ಕಡೆಯವರು ಹೇಳುತ್ತಾರೆ. ಹೊಲ ಅಡ ಇಡುವ ಮೊದಲು, ಬಂಗಾರ ಒತ್ತೆ ಇಡುವ ಮೊದಲು ಯಾವುದನ್ನು ಯಾವುದರ ಜೊತೆ ಹೋಲಿಸಿ ನೋಡಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಈ ಹೆಸರಿನಡಿ ಮೂರು ತೀರಾ ಬೇರೆ ಬೇರೆ ಸಂಗತಿಗಳು ಇವೆ. ಒಂದು, ದಶಕಗಳಿಂದ ಜೀವ ಉಳಿಸುತ್ತಿರುವ ಚಿಕಿತ್ಸೆ. ಇನ್ನೊಂದು, ಇನ್ನೂ ಪ್ರಯೋಗದಲ್ಲಿರುವುದು, ಕೆಲವು ಕಡೆ ನಿಜಕ್ಕೂ ಆಸೆ ಹುಟ್ಟಿಸುವುದು. ಮೂರನೆಯದು, ಪ್ರಯೋಗ ಮುಗಿಯುವ ಮೊದಲೇ, ಕೆಲವೊಮ್ಮೆ ಪ್ರಯೋಗದಲ್ಲಿ ಸೋತ ಮೇಲೂ, ದುಡ್ಡಿಗೆ ಮಾರುವುದು. ಕೇಳುವವರ ಕಿವಿಗೆ ಮೂರೂ ಒಂದೇ ಥರ ಬೀಳುತ್ತವೆ, ತೊಂದರೆ ಶುರುವಾಗುವುದೇ ಅಲ್ಲಿ.

ನಮ್ಮ ದೇಶದಲ್ಲಿ ಇದಕ್ಕೊಂದು ನಿಯಮ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತ ಮತ್ತು ರೋಗನಿರೋಧಕ ವ್ಯವಸ್ಥೆಯ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ (ಮೂಳೆಯೊಳಗಿನ ಮಜ್ಜೆಯಲ್ಲಿರುವ, ರಕ್ತ ಮಾಡುವ ಸ್ಟೆಮ್ ಸೆಲ್‌ಗಳ ಕಸಿ), ಅಂದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಮಾತ್ರ ಒಪ್ಪಿತ ಚಿಕಿತ್ಸೆ. ಉಳಿದದ್ದನ್ನು ಅನುಮತಿ ಪಡೆದ ಪ್ರಯೋಗದ ಒಳಗೇ ಮಾಡಬೇಕು. ಇದರ ಹೊರತಾಗಿ ಬೆರಳೆಣಿಕೆಯ ಸೆಲ್ ಉತ್ಪನ್ನಗಳಿಗೆ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ, ಅವುಗಳಲ್ಲಿ ಒಂದರ ವಿಷಯ ಮುಂದೆ ಬರುತ್ತದೆ. ಪ್ರಯೋಗ ಅಂದ ಮೇಲೆ ಆ ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಪ್ರಯೋಗದಿಂದ ಹಾನಿಯಾದರೆ ಅದರ ಚಿಕಿತ್ಸೆಯನ್ನೂ ಪರಿಹಾರವನ್ನೂ ಅವರೇ ಕೊಡಬೇಕು ಅಂತ 2019ರ ಹೊಸ ಔಷಧ ಮತ್ತು ಪ್ರಯೋಗ ನಿಯಮಗಳು ಹೇಳುತ್ತವೆ. ಹಾಗಾಗಿ ಯಾರಾದರೂ "ಇದು ಹೊಸ ಸಂಶೋಧನೆ" ಅಂತಲೂ ಹೇಳಿ "ಅಡ್ವಾನ್ಸ್ ಕಟ್ಟಿ" ಅಂತಲೂ ಹೇಳಿದರೆ ಅಲ್ಲೇ ನಿಲ್ಲಿ. ಎರಡೂ ಒಟ್ಟಿಗೆ ನಡೆಯುವ ಹಾಗಿಲ್ಲ.

ಮೊಣಕಾಲು: ಇಲ್ಲೇ ಆಯ್ಕೆಗಳು ಜಾಸ್ತಿ, ಗೊಂದಲವೂ ಜಾಸ್ತಿ

ನಮ್ಮ ಕಡೆ ಹೆಣ್ಣುಮಕ್ಕಳ ಮೊಣಕಾಲು ಎಷ್ಟು ದುಡಿದಿರುತ್ತದೆ ಅಂತ ಹೇಳಬೇಕಾಗಿಲ್ಲ. ಕುಕ್ಕರುಗಾಲಲ್ಲಿ ಕೂತು ಹತ್ತಿ ಹೊಲದಲ್ಲಿ ಕಸ ತೆಗೆಯುವುದು, ನೆಲಕ್ಕೆ ಕೂತು ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು. ಅರವತ್ತರ ಹೊತ್ತಿಗೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು. ಎಕ್ಸ್‌ರೇ ನೋಡಿ ಡಾಕ್ಟರು ಸವೆತಕ್ಕೆ ಒಂದರಿಂದ ನಾಲ್ಕರವರೆಗೆ ಗ್ರೇಡ್ ಕೊಡುತ್ತಾರೆ, ನಾಲ್ಕು ಅಂದರೆ ಅತಿ ಹೆಚ್ಚು ಸವೆತ. ಈ ಗ್ರೇಡ್ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಆಯ್ಕೆಯೆಲ್ಲ ಅದರ ಮೇಲೇ ನಿಂತಿದೆ.

ತೂಕ ಇಳಿಸುವುದು ಮತ್ತು ವ್ಯಾಯಾಮ. ಇದನ್ನು ಹೇಳಿದ ಕೂಡಲೇ ಎಲ್ಲರೂ ಮುಖ ತಿರುಗಿಸುತ್ತಾರೆ, ಆದರೆ ಪುರಾವೆ ನೋಡಿದರೆ ಮೊದಲು ಮಾಡಬೇಕಾದದ್ದು ಇದೇ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಕುರ್ಚಿಯ ಮೇಲೆ ಕೂತು ಕಾಲನ್ನು ನೇರ ಮಾಡಿ ಹಿಡಿಯುವಂಥ ಸರಳ ವ್ಯಾಯಾಮದಿಂದ ತೊಡೆಯ ಮುಂದಿನ ಸ್ನಾಯು ಗಟ್ಟಿಯಾಗುತ್ತದೆ, ಕೀಲಿನ ಮೇಲಿನ ಒತ್ತಡವನ್ನು ಆ ಸ್ನಾಯು ಹೊರುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತು, ಆಮೇಲೆ ಮನೆಯಲ್ಲೇ ದಿನಾ ಮಾಡಬೇಕು. ಒಂದೆರಡು ವಾರ ಮಾಡಿ ಬಿಟ್ಟು "ಏನೂ ಆಗಲಿಲ್ಲ" ಅಂದರೆ ಹೇಗೆ? ಎರಡು ಮೂರು ತಿಂಗಳು ಬಿಡದೆ ಮಾಡಿ ನೋಡಿ. ಖರ್ಚು ಅತಿ ಕಡಿಮೆ, ಅಪಾಯವೂ ಅತಿ ಕಡಿಮೆ.

ನೋವಿನ ಮಾತ್ರೆ. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಹೊಟ್ಟೆಯ ಹುಣ್ಣು, ಕಿಡ್ನಿ, ಬಿಪಿ ಮೂರಕ್ಕೂ ಇದು ಕೆಟ್ಟದ್ದು. ಅದೇ ಔಷಧವನ್ನು ಮುಲಾಮಾಗಿ ಹಚ್ಚಿದರೆ ಮೈಗೆ ಸೇರುವುದು ತೀರಾ ಕಡಿಮೆ, ವಯಸ್ಸಾದವರಿಗೆ ಅದೇ ಮೇಲು.

ಸ್ಟೆರಾಯ್ಡ್ ಇಂಜೆಕ್ಷನ್. ಊದಿಕೊಂಡು ಕಾಲು ಊರಲಾಗದೆ ಇದ್ದಾಗ ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಆರಾಮ ಕೊಡುತ್ತದೆ. ಮನೆಯಲ್ಲಿ ಮದುವೆ ಇದೆ, ನಾಲ್ಕು ದಿನ ಓಡಾಡಬೇಕು ಅನ್ನುವವರಿಗೆ ಸರಿ. ಪದೇ ಪದೇ ತೆಗೆದುಕೊಂಡರೆ ಬೇರೆ ಕಥೆ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸುಮ್ನೆ ಉಪ್ಪುನೀರಿನ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ಸ್ಟೆರಾಯ್ಡ್ ತೆಗೆದುಕೊಂಡವರ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಪದರ) ಜಾಸ್ತಿ ಸವೆದಿತ್ತು, ನೋವಿನಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಡಾಕ್ಟರಿಗೆ ಹೇಳಿ.

ಜೆಲ್ ಇಂಜೆಕ್ಷನ್, ಅಂದರೆ ಹೈಲುರಾನಿಕ್ ಆಸಿಡ್. ದೊಡ್ಡ ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ತೀರಾ ಚಿಕ್ಕದು. ನನ್ನ ಲೆಕ್ಕದಲ್ಲಿ ಕೈಬಿಡಬಹುದು.

ಇನ್ನು ಪಿಆರ್‌ಪಿ. ಇದನ್ನೇ ಎಷ್ಟೋ ಕಡೆ ಸ್ಟೆಮ್ ಸೆಲ್ ಅಂತ ಹೇಳಿ ಮಾಡುತ್ತಾರೆ. ನಿಮ್ಮ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗರಗರ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಹಳದಿ ದ್ರವವನ್ನು ಬೇರೆ ಮಾಡಿ ಮೊಣಕಾಲಿಗೆ ಚುಚ್ಚುತ್ತಾರೆ. ಇದು ಸ್ಟೆಮ್ ಸೆಲ್ ಚಿಕಿತ್ಸೆಯೇ ಅಲ್ಲ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಉಪ್ಪುನೀರು ಕೊಟ್ಟರು. ಒಂದು ವರ್ಷದ ಮೇಲೆ ನೋಡಿದರೆ ನೋವಿನಲ್ಲೂ ಮೃದ್ವಸ್ಥಿಯಲ್ಲೂ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಕೆಲವು ಸಣ್ಣ ಅಧ್ಯಯನಗಳು ಲಾಭ ತೋರಿಸಿವೆ, ಹಾಗಾಗಿ ಮೂಳೆ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇವೆ. ಸವೆತ ಇನ್ನೂ ಶುರುವಿನಲ್ಲಿದ್ದು, ವ್ಯಾಯಾಮ ಮಾಡಿಯೂ ನೋವು ಹೋಗದೆ, ಖರ್ಚು ಮಾಡುವ ಶಕ್ತಿ ಇದ್ದವರು ಡಾಕ್ಟರ ಜೊತೆ ಮಾತಾಡಿ ನೋಡಲಿ. ಸಾಲ ಮಾಡಿ ಮಾಡಿಸುವಂಥದ್ದಲ್ಲ.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಇಲ್ಲವೇ ಹೊಟ್ಟೆಯ ಕೊಬ್ಬು ತೆಗೆದು, ಅದೇ ದಿನ ಮೊಣಕಾಲಿಗೆ ಹಾಕುವುದು ಮುಂದಿನದು. ಜಾಹೀರಾತುಗಳಲ್ಲಿ ಸ್ಟೆಮ್ ಸೆಲ್ ಅಂತ ದೊಡ್ಡ ಅಕ್ಷರದಲ್ಲಿ ಬರುವುದು ಬಹಳಷ್ಟು ಸಲ ಇದೇ. ಅಮೆರಿಕದಲ್ಲಿ 400ಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ಒಂದು ಪ್ರಯೋಗ ಈ ವಿಷಯಕ್ಕೆ ಸರಿಯಾಗಿ ಕೈಹಾಕಿತು. ಮಜ್ಜೆಯ ಸೆಲ್, ಕೊಬ್ಬಿನ ಸೆಲ್, ಹೊಕ್ಕುಳಬಳ್ಳಿಯ ಸೆಲ್, ಮೂರನ್ನೂ ಮಾಮೂಲಿ ಸ್ಟೆರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ಒಂದು ವರ್ಷದ ನಂತರ ಎಲ್ಲ ಗುಂಪುಗಳಲ್ಲೂ ನೋವು ಕಡಿಮೆಯಾಗಿತ್ತು, ಆದರೆ ಮೂರರಲ್ಲಿ ಯಾವುದೂ ಸ್ಟೆರಾಯ್ಡ್‌ಗಿಂತ ಮೇಲಾಗಿರಲಿಲ್ಲ. "ನನಗೆ ಮಾಡಿಸಿದ ಮೇಲೆ ಆರಾಮಾಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಮೊಣಕಾಲು ನೋವು ಏರಿ ಇಳಿಯುವ ನೋವು, ಏನು ಚುಚ್ಚಿದರೂ ಬಹಳ ಜನಕ್ಕೆ ಸ್ವಲ್ಪ ದಿನ ಆರಾಮ ಸಿಗುತ್ತದೆ. ಆ ಆರಾಮಕ್ಕೆ ಲಕ್ಷ ಕೊಡಬೇಕಾ ಅನ್ನೋದೇ ಪ್ರಶ್ನೆ.

ಸೆಲ್ ಹಾಕಿದರೂ ಮೃದ್ವಸ್ಥಿ ಯಾಕೆ ಹೊಸದಾಗಿ ಬೆಳೆಯುವುದಿಲ್ಲ? ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಮೊದಲೇ ಕಡಿಮೆ. ಚುಚ್ಚಿದ ಸೆಲ್‌ಗಳಲ್ಲಿ ಹೆಚ್ಚಿನವು ಅಲ್ಲಿ ಬಹಳ ಕಾಲ ಉಳಿಯುವುದೂ ಇಲ್ಲ. ಹದ ಇಲ್ಲದ ಹೊಲದಲ್ಲಿ ಬೀಜ ಚೆಲ್ಲಿದಂತೆ. ಈ ಸೆಲ್‌ಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಕೂಡ, ಇವು ಹೊಸ ಅಂಗಾಂಶವಾಗಿ ಬೆಳೆಯುವುದಕ್ಕಿಂತ ಸುತ್ತಲಿನ ಸೆಲ್‌ಗಳಿಗೆ ರಾಸಾಯನಿಕ ಸೂಚನೆ ಕಳಿಸಿ ಉರಿಯೂತ ತಗ್ಗಿಸುತ್ತವೆ ಅಂತ ಕೊನೆಗೆ ವಾದಿಸಿದರು.

ಒಪ್ಪಿಗೆ ಸಿಕ್ಕ ಒಂದು ಉತ್ಪನ್ನದ ಮಾತು ಹೇಳಿದ್ದೆ ಅಲ್ವಾ, ಅದು ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಕಂಪನಿಯ ಸ್ಟೆಂಪ್ಯುಸೆಲ್. ಆರೋಗ್ಯವಂತ ದಾನಿಗಳ ಮಜ್ಜೆಯ ಸೆಲ್‌ಗಳನ್ನು ಕಾರ್ಖಾನೆಯ ಶಿಸ್ತಿನಲ್ಲಿ ಬೆಳೆಸಿ ಮಾಡುವಂಥದ್ದು. 146 ರೋಗಿಗಳ ಮೂರನೇ ಹಂತದ ಪ್ರಯೋಗದ ನಂತರ 2022ರಲ್ಲಿ ಮೊಣಕಾಲು ಸವೆತಕ್ಕೆ ಇದಕ್ಕೆ ಒಪ್ಪಿಗೆ ಸಿಕ್ಕಿತು, ಅದೂ ಗ್ರೇಡ್ 2 ಮತ್ತು 3ಕ್ಕೆ. ಬೀಡಿ-ಸಿಗರೇಟು ಸೇದುವವರ ಕಾಲಿಗೆ ರಕ್ತ ನಿಂತುಹೋಗುವ ಬರ್ಗರ್ಸ್ ಕಾಯಿಲೆಗೂ ಇದೇ ಉತ್ಪನ್ನಕ್ಕೆ ಅನುಮತಿ ಇದೆ. ನಮ್ಮ ರಾಜ್ಯದಲ್ಲೇ ಇಂಥದ್ದು ಆಯಿತು ಅನ್ನುವುದು ನನಗೆ ಹೆಮ್ಮೆಯ ವಿಷಯ. ಆದರೂ ಅಳತೆ ಮೀರಿ ಆಸೆ ಇಟ್ಟುಕೊಳ್ಳಬೇಡಿ. ಪ್ರಯೋಗದಲ್ಲಿ ಕಂಡದ್ದು ನೋವು ಕಡಿಮೆಯಾಗಿ ಓಡಾಟ ಸುಧಾರಿಸಿದ್ದು, ಅದರಿಂದ ಪೂರ್ತಿ ಸವೆದ ಕೀಲು ಹೊಸದಾಗುವುದಿಲ್ಲ. ಕ್ಲಿನಿಕ್‌ನವರು "ನಾವು ಕೊಡುವುದೂ ಅದೇ ಥರದ್ದೇ" ಅಂದರೆ ಒಪ್ಪಬೇಡಿ. ಡಬ್ಬಿಯ ಮೇಲಿನ ಹೆಸರು, ಬ್ಯಾಚ್ ನಂಬರ್, ಬಿಲ್ಲು ಕೇಳಿ. ಅಲ್ಲೇ ಹಿಂದಿನ ಕೋಣೆಯಲ್ಲಿ ಕೊಬ್ಬಿನಿಂದ ತೆಗೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ ಕೀಲು ಬದಲಾವಣೆ. ಗ್ರೇಡ್ 4 ಇದ್ದು, ರಾತ್ರಿ ನಿದ್ದೆಯಲ್ಲೂ ನೋವು, ಕಾಲು ಬಾಗಿದೆ, ಬಚ್ಚಲಿಗೆ ಹೋಗುವುದೂ ಕಷ್ಟ ಅಂದರೆ ಯಾವ ಸೆಲ್ ಇಂಜೆಕ್ಷನ್‌ಗೂ ಹೋಗದೆ ನೇರ ಇದರ ಬಗ್ಗೆ ಮಾತಾಡಿ ಅನ್ನುವುದು ನನ್ನ ಅಭಿಪ್ರಾಯ. ಹಾಕಿದ ಕೃತಕ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಅಂತ 2019ರಲ್ಲಿ ಪ್ರಕಟವಾದ ದೊಡ್ಡ ಲೆಕ್ಕಾಚಾರ ತೋರಿಸಿದೆ. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ನೋವನ್ನು ತಡೆದುಕೊಂಡು ಮಾಡಲೇಬೇಕು, ನೆಲಕ್ಕೆ ಕೂರುವ ಅಭ್ಯಾಸ ಬಿಡಬೇಕಾಗಬಹುದು. ಕೃತಕ ಕೀಲಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದೆ, ಹಾಗಾಗಿ ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ತೋರಿಸಿ ಅಂತ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಮೊದಲು ಹುಬ್ಬಳ್ಳಿಯ ಸರ್ಕಾರಿ ಕಿಮ್ಸ್ ಆಸ್ಪತ್ರೆಗೆ (ಈಗಿನ ಹೆಸರು ಕೆಎಂಸಿಆರ್‌ಐ), ಇಲ್ಲವೇ ಗದಗ, ಹಾವೇರಿಯ ಜಿಲ್ಲಾ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಯ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಹತ್ತಿರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆ ಅಂತ ವಿಚಾರಿಸಿ. ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದ ಮೇಲೆ ವಿಚಾರಿಸಿದರೆ ತಡವಾಗಿರುತ್ತದೆ.

ಮಾತಾಡದ ಮಗು: ಇಲ್ಲಿ ನಾನು ಖಡಾಖಂಡಿತ ಬೇಡ ಅನ್ನುತ್ತೇನೆ

ಆಟಿಸಂ (ಬೆರೆಯಲು, ಮಾತಾಡಲು ತೊಡಕಾಗುವ ಬೆಳವಣಿಗೆಯ ತೊಂದರೆ) ಇರುವ ಮಕ್ಕಳ ತಂದೆ-ತಾಯಿಯ ಸಂಕಟ ಬೇರೆ ಥರದ್ದು. ಯಾರು ಏನು ಹೇಳಿದರೂ ನಂಬಬೇಕು ಅನಿಸುವ ಹೊತ್ತು ಅದು. ಆ ಹೊತ್ತಿನಲ್ಲಿ "ಮಜ್ಜೆಯಿಂದ ಸೆಲ್ ತೆಗೆದು ಬೆನ್ನುಹುರಿಯ ಹತ್ತಿರ ಹಾಕುತ್ತೇವೆ, ನಾಲ್ಕು ಸಲ ಹಾಕಿಸಬೇಕು" ಅಂತ ಲಕ್ಷಗಟ್ಟಲೆ ಕೇಳುವುದನ್ನು ಕಂಡರೆ ಸಿಟ್ಟು ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 180 ಮಕ್ಕಳಿಗೆ ಹೊಕ್ಕುಳಬಳ್ಳಿ ರಕ್ತ ಕೊಟ್ಟು, ಇಲ್ಲವೇ ಬರೀ ದ್ರಾವಣ ಕೊಟ್ಟು ಹೋಲಿಸಿದರು. ಬೆರೆಯುವ, ಮಾತಾಡುವ ಶಕ್ತಿಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ, 2020ರಲ್ಲಿ ಅವರೇ ಅದನ್ನು ಪ್ರಕಟಿಸಿದರು. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರ ಡಿಸೆಂಬರ್‌ನಲ್ಲಿ ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲು ಆಗದು, ಹಾಗೆ ಮಾಡುವುದು ವೃತ್ತಿ ದುರ್ನಡತೆ ಅಂತ ಹೇಳಿತು. ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಗೂ ಇದು ಒಪ್ಪಿತ ಚಿಕಿತ್ಸೆ ಅಲ್ಲ.

ಕ್ಲಿನಿಕ್‌ಗಳು ಸೆಲ್ ಜೊತೆಗೆ ಮಾತು ಕಲಿಸುವ ಸ್ಪೀಚ್ ಥೆರಪಿ, ದಿನದ ಕೆಲಸ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಯನ್ನೂ ದಿನಾ ಕೊಡಿಸುತ್ತವೆ. ಮಗು ನಾಲ್ಕು ತಿಂಗಳಲ್ಲಿ ಒಂದೆರಡು ಹೊಸ ಶಬ್ದ ಕಲಿತರೆ ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ. ನಿಜವಾಗಿ ಕೆಲಸ ಮಾಡಿದ್ದು ಆ ಥೆರಪಿ ಇರಬಹುದು, ಮಗು ದೊಡ್ಡದಾಗಿದ್ದೂ ಇರಬಹುದು. ಹೋಲಿಕೆ ಬೇಕಾದರೆ ಹೀಗೆ ಮಾಡಿ: ಕೇಳಿದ ಅಷ್ಟೂ ದುಡ್ಡನ್ನು ಸ್ಪೀಚ್ ಮತ್ತು ಆಕ್ಯುಪೇಷನಲ್ ಥೆರಪಿಗೆ ಹಾಕಿದರೆ ಎಷ್ಟು ವರ್ಷ ನಡೆಯುತ್ತದೆ ಅಂತ ಲೆಕ್ಕ ಹಾಕಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮಗುವಿನ ತಪಾಸಣೆ ಮಾಡಿಸಬಹುದು. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳು ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮದಡಿ ಇವೆ, ಅಂಗನವಾಡಿ ಅಥವಾ ಆಶಾ ಅಕ್ಕನ ಮೂಲಕವೂ ಅಲ್ಲಿಗೆ ಹೋಗಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಇರುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಅದರಲ್ಲಿ ಥೆರಪಿ ಖರ್ಚಿಗೂ ಒಂದು ಭಾಗ ಇದೆ. ಇದು ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ.

ಹೆರಿಗೆ ಹತ್ತಿರ ಬಂದಾಗ: ಹೊಕ್ಕುಳಬಳ್ಳಿ ರಕ್ತ ಇಡಿಸಬೇಕಾ?

ಏಳನೇ ತಿಂಗಳಲ್ಲಿ ಕುಬಸ ಮುಗಿಯುವ ಹೊತ್ತಿಗೆ ಫೋನ್ ಬರಲು ಶುರುವಾಗುತ್ತದೆ. "ಮಗುವಿಗೆ ಜೀವನಪೂರ್ತಿ ರಕ್ಷಣೆ, ಇಎಂಐ ಸೌಲಭ್ಯ ಇದೆ." ಹೊಕ್ಕುಳಬಳ್ಳಿ ರಕ್ತದಲ್ಲಿ ರಕ್ತ ಮಾಡುವ ಸ್ಟೆಮ್ ಸೆಲ್‌ಗಳು ಇರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾಂಕೋನಿ ಅನೀಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದ ಒಬ್ಬ ಹುಡುಗನಿಗೆ ಮೊದಲ ಸಲ ಈ ರಕ್ತ ಹಾಕಿ ಗೆದ್ದರು. ಆದರೆ ಆ ರಕ್ತ ಅವನದ್ದಲ್ಲ, ಆಗಷ್ಟೇ ಹುಟ್ಟಿದ ತಂಗಿಯದ್ದು. ತಲಸ್ಸೇಮಿಯಾದಂಥ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ) ಹುಟ್ಟಿನಿಂದ ಬರುವ ಕಾಯಿಲೆಗೆ ಮಗುವಿನದ್ದೇ ರಕ್ತ ಪ್ರಯೋಜನವಿಲ್ಲ, ದೋಷ ಅದರಲ್ಲೂ ಇರುತ್ತದೆ. ಒಂದು ಬಳ್ಳಿಯಲ್ಲಿ ಸಿಗುವ ಸೆಲ್‌ಗಳು ದೊಡ್ಡವರಿಗೆ ಸಾಲುವುದೂ ಕಷ್ಟ.

ಹಾಗಾದರೆ ಯಾರು ಇಡಿಸಬೇಕು? ಮನೆಯಲ್ಲಿ ಮೊದಲ ಮಗುವಿಗೆ ಕಸಿ ಬೇಕಾಗುವಂಥ ರಕ್ತದ ಕಾಯಿಲೆ ಈಗಾಗಲೇ ಇದ್ದರೆ, ಅದನ್ನು ನೋಡುವ ರಕ್ತರೋಗ ತಜ್ಞರ ಸಲಹೆಯಂತೆ ಎರಡನೇ ಮಗುವಿನದ್ದು ಇಡಿಸಬಹುದು. ಉಳಿದವರು ಮುಂದೆಂದೋ ಬೇಕಾದೀತು ಅಂತ ಖಾಸಗಿಯಾಗಿ ಇಡಿಸುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಹಲ್ಲು, ಕೊಬ್ಬು, ಮಾಸುಗಳನ್ನು ಬ್ಯಾಂಕಿನಲ್ಲಿ ಇಡುತ್ತೇವೆ ಅಂದರೆ ಅದಕ್ಕೆ 2017ರ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ.

ಇದಕ್ಕೆ ಬದಲಾಗಿ, ಒಂದು ಪೈಸೆ ಖರ್ಚಿಲ್ಲದ ಆಯ್ಕೆ ಇದೆ. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ರಕ್ತ ಮಗುವಿನ ಮೈಗೇ ಹೋಗಿ ಕಬ್ಬಿಣಾಂಶ ತುಂಬುತ್ತದೆ. ರಕ್ತಹೀನತೆ ಇಷ್ಟು ಜಾಸ್ತಿ ಇರುವ ನಮ್ಮ ಕಡೆ ಇದು ದೊಡ್ಡ ವಿಷಯ. ಹೀಗೆ ಕಾದರೆ ಬ್ಯಾಂಕಿಗೆ ಸಿಗುವ ರಕ್ತ ಕಡಿಮೆಯಾಗುತ್ತದೆ, ಅಂದರೆ ಇಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನಾದರೆ ಮಗುವಿನ ಮೈಗೇ ಕೊಡಿಸುತ್ತೇನೆ. ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿಡಿ.

ರಕ್ತದ ಕಾಯಿಲೆ: ಇಲ್ಲಿ ತಡ ಮಾಡಬೇಡಿ

ಮೇಲಿನದ್ದೆಲ್ಲ ಓದಿ ಸ್ಟೆಮ್ ಸೆಲ್ ಅಂದರೆ ಬರೀ ಮೋಸ ಅಂದುಕೊಂಡರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ತಲಸ್ಸೇಮಿಯಾ, ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುವ ಅಪ್ಲಾಸ್ಟಿಕ್ ಅನೀಮಿಯಾ, ಕೆಲವು ಥರದ ರಕ್ತದ ಕ್ಯಾನ್ಸರ್‌ಗಳಲ್ಲಿ ಅಸ್ಥಿಮಜ್ಜೆ ಕಸಿ ಕಾಯಿಲೆಯನ್ನೇ ಬುಡಸಹಿತ ಗುಣ ಮಾಡಬಲ್ಲದು. ಇದಕ್ಕೆ ದಾರಿ ಮಾಡಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು.

ತಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಜೀವಮಾನವಿಡೀ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ, ಜೊತೆಗೆ ಮೈಯಲ್ಲಿ ಸೇರುವ ಕಬ್ಬಿಣ ಹೊರಹಾಕಲು ದಿನಾ ಮಾತ್ರೆ. ಇನ್ನೊಂದು ಕಸಿ. ಮಗು ಚಿಕ್ಕದಿದ್ದಾಗ, ಯಕೃತ್ತು ಹಾಳಾಗುವ ಮೊದಲು ಮಾಡಿದರೆ ಫಲ ಚೆನ್ನಾಗಿರುತ್ತದೆ. ಅದಕ್ಕೇ ತಡ ಮಾಡಬೇಡಿ ಅಂದದ್ದು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರ ಎಚ್‌ಎಲ್‌ಎ (ದಾನಿ-ರೋಗಿಯ ಹೊಂದಿಕೆ ನೋಡುವ ಸೆಲ್‌ನ ಗುರುತು) ಹೊಂದುವ ಸಾಧ್ಯತೆ ನೂರಕ್ಕೆ 25. ಮಗುವಿಗೆ ಕಾಯಿಲೆ ಗೊತ್ತಾದ ವರ್ಷವೇ ಅಣ್ಣ, ತಂಗಿ ಎಲ್ಲರ ಎಚ್‌ಎಲ್‌ಎ ಪರೀಕ್ಷೆಯ ಬಗ್ಗೆ ಕೇಳಿ. ಯಾರದ್ದೂ ಹೊಂದದಿದ್ದರೆ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇಂಡಿಯಾದಂಥ ದಾನಿ ನೋಂದಣಿಗಳಲ್ಲಿ ಹುಡುಕುತ್ತಾರೆ. ಅಪ್ಪ ಅಥವಾ ಅವ್ವನಿಂದ ಅರ್ಧ ಹೊಂದಿಕೆಯ ಕಸಿಯೂ ಈಗ ನಡೆಯುತ್ತದೆ, ಅಪಾಯ ಸ್ವಲ್ಪ ಜಾಸ್ತಿ. ಕಸಿ ಸುಲಭದ ಮಾತಲ್ಲ, ದಾನಿಯ ಸೆಲ್‌ಗಳು ರೋಗಿಯ ಮೈಮೇಲೇ ತಿರುಗಿ ಬೀಳಬಹುದು, ಸೋಂಕಿನಿಂದ ಪ್ರಾಣವೂ ಹೋಗಬಹುದು. ಇದನ್ನು ಡಾಕ್ಟರೇ ಕೂರಿಸಿ ಹೇಳಬೇಕು, ನೀವೂ ಬಿಡದೆ ಕೇಳಬೇಕು.

ಖರ್ಚಿಗೆ ಒಂದು ದಾರಿ: ಕೋಲ್ ಇಂಡಿಯಾದ ತಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ, ಯೋಜನೆಯಲ್ಲಿ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ. ಜೀನ್ ತಿದ್ದುವ ಕ್ಯಾಸ್‌ಜೆವಿ ಅನ್ನುವ ಚಿಕಿತ್ಸೆಗೆ ತಲಸ್ಸೇಮಿಯಾಗೆ 2023ರ ನವೆಂಬರ್‌ನಲ್ಲಿ ಬ್ರಿಟನ್‌ನಲ್ಲಿ, 2024ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ದಾನಿಯೇ ಬೇಕಿಲ್ಲ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಅದು ನಮ್ಮ ಕೈಗೆ ಬರುವವರೆಗೆ ಕಾಯುತ್ತೇನೆ ಅಂತ ಮಗುವಿನ ಕಸಿ ಮುಂದೂಡಬೇಡಿ. ಇನ್ನು ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ನಮ್ಮಲ್ಲಿ ಇನ್ನೂ ನಡೆಯುತ್ತವೆ. ಅಂಥ ಮನೆಗಳಲ್ಲಿ ಮದುವೆಗೆ ಮೊದಲೇ, ತಪ್ಪಿದರೆ ಬಸಿರಾದ ಮೊದಲ ತಿಂಗಳುಗಳಲ್ಲೇ, ಇಬ್ಬರೂ ತಲಸ್ಸೇಮಿಯಾ ದೋಷ ಇದೆಯಾ ಅಂತ ತಿಳಿಸುವ ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿ.

ಕಣ್ಣು, ಸಕ್ಕರೆ, ಪಾರ್ಕಿನ್ಸನ್

ಕಣ್ಣಿಗೆ ಸುಣ್ಣ ಬಿದ್ದು ಕರಿಗುಡ್ಡೆಯ ಅಂಚಿನ ಸ್ಟೆಮ್ ಸೆಲ್‌ಗಳು ಸುಟ್ಟುಹೋದರೆ ಕಣ್ಣಿನ ಮೇಲೆ ಬಿಳಿ ಪರೆ ಬೆಳೆಯುತ್ತದೆ. ಎಲೆ-ಅಡಿಕೆ ಇರುವ ಮನೆಗಳಲ್ಲಿ ಸುಣ್ಣದ ಟ್ಯೂಬು ಮಕ್ಕಳ ಕೈಗೆ ಸಿಕ್ಕು ಆಗುವ ಅನಾಹುತ ಇದು. ಬಿದ್ದ ಕ್ಷಣವೇ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಬೇಕು. ಕಣ್ಣು ಹೋದ ಮೇಲೂ ಒಂದು ದಾರಿ ಇದೆ. ಒಂದೇ ಕಣ್ಣು ಸುಟ್ಟಿದ್ದರೆ, ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಚೂರು ತೆಗೆದು, ಸಣ್ಣ ಸಣ್ಣ ತುಣುಕು ಮಾಡಿ, ಸುಟ್ಟ ಕಣ್ಣಿನ ಮೇಲೆ ಅಂಟಿಸುತ್ತಾರೆ. ಪ್ರಯೋಗಾಲಯದಲ್ಲಿ ಸೆಲ್ ಬೆಳೆಸುವ ಖರ್ಚು ಬೇಡ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ ವೀರೇಂದ್ರ ಸಾಂಗ್ವಾನ್ ಮತ್ತು ಜೊತೆಗಾರರು ಇದನ್ನು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಇಂಥ ರೋಗಿ ನಿಮಗೆ ಗೊತ್ತಿದ್ದರೆ ಕಾರ್ನಿಯಾ ತಜ್ಞರ ಹತ್ತಿರ ಕಳಿಸಿ. ಆದರೆ ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ಬೇರೆ ವಿಷಯ. ಅಮೆರಿಕದ ಫ್ಲೋರಿಡಾದಲ್ಲಿ ಮೂರು ಹೆಂಗಸರು ಹೊಟ್ಟೆಯ ಕೊಬ್ಬಿನ ಸೆಲ್‌ಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅವರೂ ದುಡ್ಡು ಕೊಟ್ಟೇ ಮಾಡಿಸಿಕೊಂಡಿದ್ದರು.

ಕಾಯಬೇಕಾದ ಪಟ್ಟಿಯಲ್ಲಿ ಟೈಪ್ 1 ಮಧುಮೇಹ (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಸಕ್ಕರೆ ಕಾಯಿಲೆ) ಮುಂದಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಇನ್ಸುಲಿನ್ ಸೆಲ್‌ಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬಿಟ್ಟಿದ್ದರು ಅಂತ 2025ರಲ್ಲಿ ವರದಿಯಾಗಿದೆ. ಅದರ ಬದಲಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಸುತ್ತಲೇ ಇರಬೇಕು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಗೆ 2025ರಲ್ಲೇ ಜಪಾನ್ ಮತ್ತು ಅಮೆರಿಕದ ಎರಡು ಸಣ್ಣ ಪ್ರಯೋಗಗಳು ಸೆಲ್ ಕಸಿ ಸದ್ಯದ ಮಟ್ಟಿಗೆ ಸುರಕ್ಷಿತ ಅಂತ ತೋರಿಸಿವೆ. ಇದೆಲ್ಲ ಖುಷಿಯ ಸುದ್ದಿಯೇ. ಆದರೆ ಈ ಸೆಲ್‌ಗಳನ್ನು ತಯಾರಿಸಲು ತಿಂಗಳುಗಳ ಕೆಲಸ ಬೇಕು, ಗಡ್ಡೆಯಾಗಿ ಬೆಳೆಯದ ಹಾಗೆ ನೋಡಿಕೊಳ್ಳಬೇಕು. ಆ ಸುದ್ದಿಯ ಕಟಿಂಗ್ ಗೋಡೆಗೆ ಅಂಟಿಸಿ, ಇಲ್ಲಿ ಮಜ್ಜೆ ತೆಗೆದು ಅದೇ ದಿನ ಚುಚ್ಚಿ ಸಕ್ಕರೆ ಕಾಯಿಲೆ ವಾಸಿ ಅನ್ನುವವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಟೈಪ್ 1 ಮಗುವಿನ ಜೀವಕ್ಕೇ ಅಪಾಯ.

ದುಡ್ಡು ಕಟ್ಟುವ ಮೊದಲು

ಯಾವ ಕ್ಲಿನಿಕ್ ಆಗಲಿ, ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೇಳಿ. ಏನು ಚುಚ್ಚುತ್ತೀರಿ, ಎಲ್ಲಿಂದ ತೆಗೆದದ್ದು, ಎಲ್ಲಿ ತಯಾರಾದದ್ದು? ಔಷಧ ನಿಯಂತ್ರಕರ ಒಪ್ಪಿಗೆ ಇದೆಯಾ, ನನ್ನ ಕಾಯಿಲೆಗೇ ಇದೆಯಾ? ಪ್ರಯೋಗವಾದರೆ ಸಿಟಿಆರ್‌ಐ ನಂಬರ್ ಏನು? ಸಿಟಿಆರ್‌ಐ ಅಂದರೆ ದೇಶದ ಎಲ್ಲ ವೈದ್ಯಕೀಯ ಪ್ರಯೋಗಗಳ ನೋಂದಣಿ, ಅದರ ಜಾಲತಾಣ ಯಾರು ಬೇಕಾದರೂ ನೋಡಬಹುದು, ಕಾಲೇಜಿಗೆ ಹೋಗುವ ಮಗ-ಮಗಳಿಗೆ ಹೇಳಿದರೆ ಹುಡುಕಿ ಕೊಡುತ್ತಾರೆ. ನೋಂದಣಿ ಆಗಿದೆ ಅಂದ ಮಾತ್ರಕ್ಕೆ ಚಿಕಿತ್ಸೆ ಕೆಲಸ ಮಾಡುತ್ತದೆ ಅಂತಲ್ಲ, ಅದನ್ನೂ ನೆನಪಿಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ, ಮನೆಗೆ ತಂದು ಓದಿ, ನಿಮ್ಮ ಊರಿನ ಗೊತ್ತಿರುವ ಡಾಕ್ಟರಿಗೆ ತೋರಿಸಿ. ಒಂದೇ ಚಿಕಿತ್ಸೆ ಮೊಣಕಾಲಿಗೂ ಆಟಿಸಂಗೂ ಕಿಡ್ನಿಗೂ ಆಗುತ್ತದೆ ಅಂದರೆ, "ಇವತ್ತೇ ಕಟ್ಟಿದರೆ ರಿಯಾಯಿತಿ" ಅಂದರೆ, ಎದ್ದು ಬನ್ನಿ.

ಈಗಾಗಲೇ ದುಡ್ಡು ಕಟ್ಟಿ ಮೋಸ ಹೋದವರು ಬಿಲ್ಲು, ಡಿಸ್ಚಾರ್ಜ್ ಚೀಟಿ, ವಾಟ್ಸಾಪ್ ಮಾತುಕತೆ, ಜಾಹೀರಾತಿನ ಫೋಟೋ ಎಲ್ಲ ತೆಗೆದಿಡಿ. ಡಾಕ್ಟರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ಖಾಸಗಿ ಆಸ್ಪತ್ರೆಯ ಮೇಲಿನದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಜಿಲ್ಲಾ ಪ್ರಾಧಿಕಾರಕ್ಕೆ, ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ದುಡ್ಡು ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಘಟನೆಯಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.